ಇನ್ನೂರು ರೂಪಾಯಿಯಲ್ಲಿ ನಿಂತುಹೋದ ಮುಪ್ಪು

ಬಡ ವೃದ್ಧರ ಮಾಸಾಶನದಲ್ಲಿ ಕೇಂದ್ರ ಸರ್ಕಾರ ತನ್ನ ಪಾಲನ್ನು 75 ರೂಪಾಯಿಯಿಂದ 200 ರೂಪಾಯಿಗೆ ಏರಿಸಿದ್ದು 2006ರಲ್ಲಿ. 2025-26ರ ಆಯವ್ಯಯದಲ್ಲಿಯೂ ಅದು ಇನ್ನೂರೇ ಆಗಿತ್ತು. 80 ವರ್ಷ ದಾಟಿದವರಿಗೆ ಮಾತ್ರ 2011ರಲ್ಲಿ 500 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಅದೂ ಅಲ್ಲಿಗೇ ನಿಂತಿತು. ಈ ಎರಡು ದಶಕಗಳಲ್ಲಿ ಬೆಲೆಗಳು ಮೂರು ಪಟ್ಟಿಗೂ ಮಿಗಿಲಾಗಿ ಏರಿವೆ. ಅಂದರೆ 2006ರ ಬೆಲೆಗಳಲ್ಲಿ ಲೆಕ್ಕ ಹಾಕಿದರೆ ಆ ಇನ್ನೂರರ ಇಂದಿನ ಮೌಲ್ಯ ಅರವತ್ತು ರೂಪಾಯಿಯ ಆಸುಪಾಸು. ವೃದ್ಧರ ಮಾಸಾಶನವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತೇವೆಂದು ಯಾವ ಸರ್ಕಾರವೂ ಘೋಷಿಸಲಿಲ್ಲ. ಯಾವ ಹಣಕಾಸು ಮಂತ್ರಿಯೂ ಅದಕ್ಕಾಗಿ ಟೀಕೆ ಕೇಳಬೇಕಾಗಿ ಬರಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಾಯಿತು, ಹಣದುಬ್ಬರ ಉಳಿದ ಕೆಲಸವನ್ನು ಮಾಡಿ ಮುಗಿಸಿತು.

ಇದೇ ಅವಧಿಯಲ್ಲಿ ನನ್ನಂತಹ ನಿವೃತ್ತ ಸರ್ಕಾರಿ ನೌಕರರ ನಿವೃತ್ತಿ ವೇತನಕ್ಕೆ ವರ್ಷಕ್ಕೆರಡು ಬಾರಿ, ಜನವರಿಯಲ್ಲಿ ಮತ್ತು ಜುಲೈಯಲ್ಲಿ, ತುಟ್ಟಿಭತ್ಯೆ ಸೇರುತ್ತ ಬಂದಿದೆ. ಆದೇಶ ಕೆಲವೊಮ್ಮೆ ತಡವಾಗುತ್ತದೆ, ಕೋವಿಡ್ ಕಾಲದಲ್ಲಿ ಕೆಲವು ಕಂತುಗಳು ತಡೆಹಿಡಿಯಲ್ಪಟ್ಟವು, ಆಗ ನಮ್ಮ ಸಂಘಗಳು ಮನವಿಪತ್ರ ಹಿಡಿದು ಹೊರಟವು. ಕೇಂದ್ರ ಸರ್ಕಾರಿ ನೌಕರರಿಗೆ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ, ಹತ್ತು ವರ್ಷ ಸೇವೆ ಸಲ್ಲಿಸಿದವರಿಗೂ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಖಾತರಿಯಿದೆ. ಇದನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ದುಡಿಮೆ ನಿಂತ ಮೇಲೂ ಮನುಷ್ಯನಿಗೆ ಒಂದು ಆದಾಯ ಬೇಕು, ಅದು ಬೆಲೆಗಳ ಜೊತೆ ಏರಬೇಕು ಎಂಬ ತತ್ತ್ವವನ್ನು ನಮ್ಮ ಸರ್ಕಾರಗಳು ಎಂದೋ ಒಪ್ಪಿಕೊಂಡಿವೆ. ಒಪ್ಪಿಕೊಂಡಿರುವುದು ತಮ್ಮ ನೌಕರರ ಮಟ್ಟಿಗೆ ಮಾತ್ರ. ಗದ್ದೆಯಲ್ಲಿ ನಾಟಿ ಹಾಕಿದವಳಿಗೆ, ಗಾರೆ ಹೊತ್ತವನಿಗೆ, ಬೀಡಿ ಸುತ್ತಿದವಳಿಗೆ ಆ ತತ್ತ್ವ ಅನ್ವಯಿಸುವುದಿಲ್ಲವೆ ಎಂಬುದೇ ಪ್ರಶ್ನೆ.

ಸ್ವತಂತ್ರ ಭಾರತದ ಸಾಮಾಜಿಕ ಭದ್ರತೆಯ ಕಟ್ಟಡ ಮೇಲಿನ ಅಂತಸ್ತಿನಿಂದ ಆರಂಭವಾಯಿತು. 1943ರಲ್ಲಿ ನೇಮಕಗೊಂಡ ಪ್ರೊ. ಬಿ.ಪಿ. ಅಡಾರ್ಕರ್ ಅವರು ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ 1944ರಲ್ಲಿ ವರದಿ ನೀಡಿದರು. ಆಗ ವೈಸರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದವರು ಡಾ. ಅಂಬೇಡ್ಕರ್. ಆ ವರದಿಯ ಫಲವಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ ಬಂತು, 1952ರಲ್ಲಿ ಭವಿಷ್ಯನಿಧಿ ಕಾಯ್ದೆ ಬಂತು. ಕಾರ್ಖಾನೆಗಳು ಬೆಳೆಯುತ್ತವೆ, ಹಳ್ಳಿಯವರು ಕ್ರಮೇಣ ಕಾರ್ಮಿಕರಾಗುತ್ತಾರೆ, ಕಾಯ್ದೆಯ ನೆರಳು ತಾನಾಗಿ ಹಬ್ಬುತ್ತದೆ ಎಂಬುದು ಅಂದಿನವರ ನಂಬಿಕೆ. ಯುರೋಪಿನಲ್ಲಿ ಹಾಗೆಯೇ ಆಗಿತ್ತು. ನಮ್ಮಲ್ಲಿ ಕಾರ್ಖಾನೆಗಳು ಬೆಳೆದವು, ಆದರೆ ಆ ನೆರಳು ಹಬ್ಬಲಿಲ್ಲ. ಅರ್ಜುನ್ ಸೇನ್‌ಗುಪ್ತ ಅವರ ಅಧ್ಯಕ್ಷತೆಯಲ್ಲಿ 2004ರಲ್ಲಿ ರಚನೆಯಾದ ಅಸಂಘಟಿತ ವಲಯದ ರಾಷ್ಟ್ರೀಯ ಆಯೋಗವು 2004-05ರ ಅಂಕಿಅಂಶಗಳನ್ನು ಪರಿಶೀಲಿಸಿದಾಗ, ದೇಶದ ದುಡಿಮೆಗಾರರಲ್ಲಿ ಶೇ 92ರಷ್ಟು ಮಂದಿಗೆ ಉದ್ಯೋಗದ ಮೂಲಕ ದೊರೆಯುವ ಯಾವ ಭದ್ರತೆಯೂ ಇಲ್ಲವೆಂದು ಕಂಡುಬಂತು. ಜನಸಂಖ್ಯೆಯ ಶೇ 77ರಷ್ಟು ಮಂದಿ ದಿನಕ್ಕೆ 20 ರೂಪಾಯಿಗಿಂತ ಕಡಿಮೆ ವೆಚ್ಚದಲ್ಲಿ ಬದುಕುತ್ತಿದ್ದಾರೆಂದು 2007ರಲ್ಲಿ ಹೇಳಿ ಗದ್ದಲವೆಬ್ಬಿಸಿದ್ದೂ ಇದೇ ಆಯೋಗ.

ಗದ್ದಲದಲ್ಲಿ ಮರೆಯಾದ ಸಂಗತಿಯೆಂದರೆ, ಆಯೋಗ ಅದಕ್ಕೂ ಮೊದಲು 2006ರಲ್ಲಿಯೇ ಸಾಮಾಜಿಕ ಭದ್ರತೆಯ ಬಗ್ಗೆ ಒಂದು ವಿವರವಾದ ಯೋಜನೆಯನ್ನು ಸಿದ್ಧಪಡಿಸಿ ಕೊಟ್ಟಿತ್ತು. ಕಾರ್ಮಿಕ, ಮಾಲೀಕ ಮತ್ತು ಸರ್ಕಾರ ತಲಾ ದಿನಕ್ಕೊಂದು ರೂಪಾಯಿ ಹಾಕುವುದು; ಬಡತನ ರೇಖೆಗಿಂತ ಕೆಳಗಿನ ಕಾರ್ಮಿಕನ ರೂಪಾಯಿಯನ್ನೂ ಕೇಂದ್ರವೇ ಭರಿಸುವುದು; ಪ್ರತಿಯಾಗಿ ಆರೋಗ್ಯ, ಹೆರಿಗೆ, ಜೀವ ವಿಮೆ ಮತ್ತು ವೃದ್ಧಾಪ್ಯದ ಕನಿಷ್ಠ ಭದ್ರತೆ ಒದಗಿಸುವುದು. ಇದೆಲ್ಲದರ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇ ಅರ್ಧಕ್ಕೂ ಕಡಿಮೆ ಎಂದು ಲೆಕ್ಕ ಕೊಟ್ಟಿತ್ತು. ಆ ವರದಿಯಿಂದ ಹುಟ್ಟಿದ 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಖಾತರಿಯೂ ಉಳಿಯಲಿಲ್ಲ, ಹಣವೂ ಉಳಿಯಲಿಲ್ಲ. ಆಗಲೇ ಇದ್ದ ಯೋಜನೆಗಳ ಒಂದು ಅನುಸೂಚಿ, ಒಂದು ರಾಷ್ಟ್ರೀಯ ಮಂಡಳಿ, ರಾಜ್ಯಗಳಲ್ಲಿ ಒಂದೊಂದು ಮಂಡಳಿ, ಅಷ್ಟೇ. ಆ ಕಾಯ್ದೆಯ ಸ್ಥಾನದಲ್ಲಿ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಗಿಗ್ ಕಾರ್ಮಿಕರು ಎಂಬ ಪದಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು ಅದರ ಒಳ್ಳೆಯ ಅಂಶ. ಆದರೆ ಅಸಂಘಟಿತರ ಬಗೆಗಿನ ಅಧ್ಯಾಯವನ್ನು ಓದಿದರೆ, ಸರ್ಕಾರ ಯೋಜನೆಗಳನ್ನು ರೂಪಿಸಬೇಕು, ಪ್ರಕಟಿಸಬೇಕು ಎಂಬ ಮಾತಿದೆಯೇ ಹೊರತು ಯಾರಿಗೆ ಎಷ್ಟು, ಎಂದಿನಿಂದ, ಕೊಡದಿದ್ದರೆ ಏನು ಎಂಬುದಿಲ್ಲ. ಕಡತಗಳ ನಡುವೆ ಬದುಕಿದ ನನ್ನಂಥವರಿಗೆ ಇಂಥ ವಾಕ್ಯಗಳ ಅರ್ಥ ಬೇಗ ತಿಳಿಯುತ್ತದೆ.

ವಂತಿಗೆ ಕಟ್ಟಿಸಿಕೊಂಡು ಪಿಂಚಣಿ ಕೊಡುವ ದಾರಿಯೂ ನಮ್ಮಲ್ಲಿದೆ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 2025ರ ಹೊತ್ತಿಗೆ 8 ಕೋಟಿ ಮಂದಿ ಸೇರಿದ್ದಾರೆ. ಸಾಧನೆ ಸಣ್ಣದಲ್ಲ. ಆದರೆ ಅವರಲ್ಲಿ ಬಹುಪಾಲು ಮಂದಿ ಆರಿಸಿಕೊಂಡಿರುವುದು ತಿಂಗಳಿಗೆ 1,000 ರೂಪಾಯಿಯ ಅತಿ ಕೆಳಗಿನ ದರ್ಜೆಯನ್ನು. 18ನೇ ವಯಸ್ಸಿನಲ್ಲಿ ಸೇರಿದ ಹುಡುಗ ತಿಂಗಳಿಗೆ 42 ರೂಪಾಯಿಯಂತೆ 42 ವರ್ಷ ಕಟ್ಟಿದರೆ 60ನೇ ವಯಸ್ಸಿಗೆ ಈ ಸಾವಿರ ರೂಪಾಯಿ ಸಿಗತೊಡಗುತ್ತದೆ. ವರ್ಷಕ್ಕೆ ಶೇ 5ರ ಹಣದುಬ್ಬರವನ್ನು ಗಣನೆಗೆ ತೆಗೆದುಕೊಂಡರೆ, 2015ರಲ್ಲಿ ಸೇರಿದ ಆ ಹುಡುಗನಿಗೆ 2057ರಲ್ಲಿ ಸಿಗುವ ಸಾವಿರ ರೂಪಾಯಿಯ ಮೌಲ್ಯ 2015ರ ಸುಮಾರು 130 ರೂಪಾಯಿ. ಮುಪ್ಪಿನ ಭದ್ರತೆಯೆಂದು ಅವನಿಗೆ ಮಾರಲಾಗಿರುವುದು ಇದನ್ನು. 2019ರಲ್ಲಿ ಬಂದ ಶ್ರಮಯೋಗಿ ಮಾನಧನ ಯೋಜನೆ 3,000 ರೂಪಾಯಿಯ ಭರವಸೆ ಕೊಟ್ಟಿತು. ಐದು ವರ್ಷಗಳಲ್ಲಿ 10 ಕೋಟಿ ಕಾರ್ಮಿಕರು ಸೇರುವರೆಂದು ಆ ವರ್ಷದ ಆಯವ್ಯಯ ಭಾಷಣ ನಿರೀಕ್ಷಿಸಿತ್ತು; ಸೇರಿದವರು ಅರ್ಧ ಕೋಟಿಯ ಆಸುಪಾಸು.

ಕಾರ್ಮಿಕರ ಅಜ್ಞಾನವೇ ಇದಕ್ಕೆ ಕಾರಣವೆಂದು ವಿಚಾರ ಸಂಕಿರಣಗಳಲ್ಲಿ ಹೇಳುವುದುಂಟು. ನನಗೆ ಹಾಗೆನ್ನಿಸುವುದಿಲ್ಲ. ಮಳೆಗಾಲದಲ್ಲಿ ಕೆಲಸವಿಲ್ಲದ, ಮಗುವಿಗೆ ಜ್ವರ ಬಂದರೆ ಸಾಲ ಮಾಡುವ, ವರ್ಷಕ್ಕೆ ಮೂರು ಊರು ಬದಲಿಸುವ ಗಾರೆ ಕೆಲಸದವನಿಗೆ ಮೂವತ್ತು ವರ್ಷಗಳ ಆಚೆಯ ಪಿಂಚಣಿಗೆ ಪ್ರತಿ ತಿಂಗಳೂ ಕಂತು ಕಟ್ಟು ಎನ್ನುವುದು ವಾಸ್ತವವನ್ನು ಅರಿಯದ ಮಾತು. ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಕರ್ನಾಟಕ ಸರ್ಕಾರ 2006ರ ಏಪ್ರಿಲ್‌ನಿಂದ ಸೇವೆಗೆ ಸೇರುವ ತನ್ನ ನೌಕರರನ್ನು ವಂತಿಗೆ ಆಧಾರಿತ ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಡಿಸಿತು. ಆ ನೌಕರರು ಅಂದಿನಿಂದ ಹಳೆಯ ಪಿಂಚಣಿ ಬೇಕೆಂದು ಹೋರಾಡುತ್ತಲೇ ಇದ್ದಾರೆ. ತಿಂಗಳ ಮೊದಲ ವಾರ ತಪ್ಪದೆ ಸಂಬಳ ಬರುವವರಿಗೆ, ಸರ್ಕಾರವೂ ತನ್ನ ಪಾಲು ಸೇರಿಸುವಾಗಲೂ, ವಂತಿಗೆಯ ಪಿಂಚಣಿ ಭರವಸೆ ಹುಟ್ಟಿಸುವುದಿಲ್ಲ. ಅದೇ ಔಷಧವನ್ನು ನಾವು ದಿನಗೂಲಿಯವನಿಗೆ ಬರೆದುಕೊಡುತ್ತಿದ್ದೇವೆ.

ಕಲ್ಯಾಣ ಮಂಡಳಿಗಳ ದಾರಿಯ ಬಗ್ಗೆಯೂ ಎರಡು ಮಾತು. ಮಹಾರಾಷ್ಟ್ರದಲ್ಲಿ ಹಮಾಲರಿಗಾಗಿ 1969ರಲ್ಲಿ ಬಂದ ಮಾಥಾಡಿ ಕಾಯ್ದೆ ಚೆನ್ನಾಗಿ ನಡೆಯಿತು. ಅಲ್ಲಿ ಮಾರುಕಟ್ಟೆ ಒಂದೇ ಜಾಗದಲ್ಲಿತ್ತು, ಪುಣೆಯಲ್ಲಿ ಬಾಬಾ ಆಢಾವ್ ಅವರಂಥವರು ಕಟ್ಟಿದ ಗಟ್ಟಿ ಸಂಘಟನೆಯಿತ್ತು. ಅದೇ ಮಾದರಿಯನ್ನು ಚದುರಿಹೋದ ವೃತ್ತಿಗಳಿಗೆ ವಿಸ್ತರಿಸಿದಾಗ ಎಡವಟ್ಟಾಯಿತು. 1996ರ ಕಾಯ್ದೆಯಡಿ ಕಟ್ಟಡಗಳ ವೆಚ್ಚದ ಮೇಲೆ ಶೇ 1ರ ಸುಂಕ ಸಂಗ್ರಹವಾಗಿ ದೇಶದಾದ್ಯಂತ ಸಾವಿರಾರು ಕೋಟಿ ರೂಪಾಯಿ ಮಂಡಳಿಗಳ ಖಾತೆಗಳಲ್ಲಿ ಕೊಳೆಯುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಟೀಕಿಸಬೇಕಾಯಿತು. ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕು: ಇಟ್ಟಿಗೆ ಮುಟ್ಟದವರ ಕೈಯಲ್ಲಿ ಕಟ್ಟಡ ಕಾರ್ಮಿಕರ ಗುರುತಿನ ಚೀಟಿ, ಇಟ್ಟಿಗೆ ಹೊರುವವರ ಬಳಿ ಯಾವ ಚೀಟಿಯೂ ಇಲ್ಲ. ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕರ್ನಾಟಕ ತಂದ ಕಾಯ್ದೆಯಲ್ಲಿ ಪ್ರತಿ ವಹಿವಾಟಿನ ಮೇಲೆಯೇ ಕಲ್ಯಾಣ ಶುಲ್ಕ ವಿಧಿಸುವ ಅವಕಾಶವಿದ್ದು, ಎಲ್ಲವೂ ಗಣಕದಲ್ಲಿ ದಾಖಲಾಗುವುದರಿಂದ ಅದು ಯಶಸ್ವಿಯಾಗಬಹುದು. ಆಗಲಿ. ಆದರೆ ವೃತ್ತಿಗೊಂದು ಮಂಡಳಿ, ಮಂಡಳಿಗೊಂದು ಚೀಟಿ ಎಂದು ಹೋದರೆ, ಜೀವಮಾನವಿಡೀ ಒಂದೇ ವೃತ್ತಿಯಲ್ಲಿರದ ಬಡವನಿಗೆ ಯಾವ ಬಾಗಿಲೂ ತನ್ನದಾಗುವುದಿಲ್ಲ.

ಉಳಿಯುವುದು ತೆರಿಗೆಯ ಹಣದಿಂದ ನೇರವಾಗಿ ಕೊಡುವ ಮಾಸಾಶನ. ಅಭಿವೃದ್ಧಿಶೀಲ ದೇಶವೊಂದು ಸಾಮಾಜಿಕ ಭದ್ರತೆಯ ಅಡಿಪಾಯ ಹಾಕುವುದಾದರೆ ಮೊದಲ ಕಲ್ಲು ಇದೇ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಿರುದ್ಯೋಗ ಭತ್ಯೆಗೆ ಹೋಲಿಸಿದರೆ ಇದರಲ್ಲಿ ವಂಚನೆಗೆ ಅವಕಾಶ ಕಡಿಮೆ. ಯಾರೂ ಭತ್ಯೆಯ ಆಸೆಗೆ ಮುದುಕರಾಗುವುದಿಲ್ಲ. ದುಡಿಯುವ ಹುಮ್ಮಸ್ಸು ಕುಂದುತ್ತದೆ ಎಂಬ ಅರ್ಥಶಾಸ್ತ್ರಜ್ಞರ ಚಿರಪರಿಚಿತ ಅಂಜಿಕೆಗೂ ಇಲ್ಲಿ ಆಸ್ಪದವಿಲ್ಲ. ಅಜ್ಜಿಯ ಕೈಗೆ ಬಂದ ಹಣ ಅಜ್ಜಿಯ ಬಳಿಯೇ ಉಳಿಯುವುದೂ ಇಲ್ಲ. ಮೊಮ್ಮಗಳ ನೋಟ್‌ಬುಕ್ಕು, ಮನೆಯ ಎಣ್ಣೆ-ಬೇಳೆ, ಊರಿನ ಅಂಗಡಿಯ ಸಾಲ, ಎಲ್ಲಕ್ಕೂ ಹರಿದುಹೋಗುತ್ತದೆ.

ಹಾಗಾದರೆ ಮಾಸಾಶನ ಈಗಾಗಲೇ ಇದೆಯಲ್ಲ ಎನ್ನಬಹುದು. ಇದೆ. ಮೈಸೂರು ರಾಜ್ಯದಲ್ಲಿ 1960ರ ದಶಕದಿಂದಲೇ ವೃದ್ಧಾಪ್ಯ ವೇತನವಿದೆ. ತೊಡಕಿರುವುದು ಮೊತ್ತದಲ್ಲಿ ಮಾತ್ರವಲ್ಲ, ಬಾಗಿಲಿನಲ್ಲಿ. ಬಡವರಿಗೆ ಮಾತ್ರ ಎಂಬ ಒಂದು ಶರತ್ತನ್ನು ಸೇರಿಸಿದೊಡನೆ ಬಡತನವನ್ನು ಸಾಬೀತುಪಡಿಸುವ ಹೊರೆ ಬಡವನ ತಲೆಗೇ ಬೀಳುತ್ತದೆ. 1990ರ ದಶಕದ ಆರಂಭದಲ್ಲಿ ಹೈದರಾಬಾದ್ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ನಾನು ತಹಶೀಲ್ದಾರನಾಗಿದ್ದಾಗ ಇಂಥ ಅರ್ಜಿಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ವಯಸ್ಸಿನ ದಾಖಲೆ ಯಾರಲ್ಲಿಯೂ ಇರುತ್ತಿರಲಿಲ್ಲ. ‘ರಜಾಕಾರರ ಗದ್ದಲದಾಗ ಮೂರನೇ ಕೂಸು ಉಡಿಯಾಗ ಇತ್ತು’ ಎಂದು ಒಬ್ಬ ಮುದುಕಿ ತನ್ನ ವಯಸ್ಸನ್ನು ಹೇಳಿದ್ದಳು. 1948ರಲ್ಲಿ ಮೂರು ಮಕ್ಕಳ ತಾಯಿಯಾಗಿದ್ದವಳಿಗೆ ಆಗ ಅರವತ್ತೈದು ದಾಟಿದೆಯೆಂದು ತಿಳಿಯಲು ವೈದ್ಯರ ಪ್ರಮಾಣಪತ್ರ ಬೇಕಿರಲಿಲ್ಲ, ನಿಯಮಕ್ಕೆ ಬೇಕಿತ್ತು. ಗ್ರಾಮಲೆಕ್ಕಿಗರ ವರದಿ ಬಂದಾಗ ಅದರಲ್ಲಿದ್ದುದು ಒಂದೇ ಸಾಲು: ಅರ್ಜಿದಾರಳಿಗೆ ವಯಸ್ಕ ಮಗನಿರುತ್ತಾನೆ, ಅರ್ಹಳಲ್ಲ. ಮಗ ಇದ್ದದ್ದು ನಿಜ. ಮುಂಬಯಿಗೆ ದುಡಿಯಲು ಹೋದವನು ನಾಲ್ಕು ವರ್ಷದಿಂದ ಹಣವಿರಲಿ, ಕಾಗದವನ್ನೂ ಹಾಕಿರಲಿಲ್ಲ. ಮರುವಿಚಾರಣೆಗೆ ಬರೆದು, ಪಂಚನಾಮೆ ಮಾಡಿಸಿ, ಮಂಜೂರಾತಿ ಆದೇಶಕ್ಕೆ ಸಹಿ ಹಾಕುವ ಹೊತ್ತಿಗೆ ಏಳು ತಿಂಗಳಾಗಿತ್ತು. ಆಮೇಲೆ ಮನಿಯಾರ್ಡರ್, ಅದರಲ್ಲಿ ಹಂಚುವವನ ಕೈಗೆ ಹತ್ತೋ ಇಪ್ಪತ್ತೋ ಉಳಿಯುವ ಸಂಪ್ರದಾಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಗುಡಿಯಲ್ಲಿಯೇ ಇರಬಹುದು, ಬೆಳೆದದ್ದು ತಾಲ್ಲೂಕು ಕಚೇರಿಗಳಲ್ಲಿ.

ಅಂದಿಗೂ ಇಂದಿಗೂ ವಿತರಣೆಯಲ್ಲಿ ಅಜಗಜಾಂತರವಿದೆ ಎಂಬುದನ್ನು ಒಪ್ಪಲೇಬೇಕು. ಹಣ ಬ್ಯಾಂಕ್ ಇಲ್ಲವೇ ಅಂಚೆ ಖಾತೆಗೆ ಹೋಗುತ್ತದೆ. ಕಂದಾಯ ಇಲಾಖೆಯೇ ಪಡಿತರ ಚೀಟಿ ಮತ್ತು ಆಧಾರ್ ಮಾಹಿತಿ ನೋಡಿ ಅರ್ಹರನ್ನು ಗುರುತಿಸಿ, ಅರ್ಜಿಯಿಲ್ಲದೆ ಮಂಜೂರು ಮಾಡುವ ಪದ್ಧತಿಯನ್ನು ಕರ್ನಾಟಕ 2021ರಲ್ಲಿ ರಾಜ್ಯದಾದ್ಯಂತ ತಂದಿತು. ಇದು ನಿಜವಾದ ಆಡಳಿತ ಸುಧಾರಣೆ, ಸಿಗಬೇಕಾದಷ್ಟು ಪ್ರಶಂಸೆ ಇದಕ್ಕೆ ಸಿಗಲಿಲ್ಲ. ಆದರೂ ಮೂಲದಲ್ಲಿ ಬಡತನದ ಪಟ್ಟಿಯೇ ಉಳಿದಿದೆ. 2004-05ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಲೆಕ್ಕದಲ್ಲಿ ಗ್ರಾಮೀಣ ಬಡಕುಟುಂಬಗಳ ಸುಮಾರು ಅರ್ಧದಷ್ಟರ ಬಳಿ ಬಿಪಿಎಲ್ ಚೀಟಿಯೇ ಇರಲಿಲ್ಲ. 2024ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಚೀಟಿಗಳ ಪರಿಷ್ಕರಣೆಗೆ ಕೈಹಾಕಿದಾಗ ಎದ್ದ ಕೂಗಿಗೆ ಸರ್ಕಾರ ಹಿಂದೆ ಸರಿಯಬೇಕಾದುದನ್ನು ಓದುಗರು ಮರೆತಿರಲಾರರು. ಅನರ್ಹರನ್ನು ಹೊರಹಾಕಲು ಬೀಸಿದ ಬಲೆಗೆ ಮೊದಲು ಸಿಕ್ಕಿಬೀಳುವವರು ದಾಖಲೆ ಸರಿಯಿಲ್ಲದ ಬಡವರೇ.

ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯ ಶರತ್ತುಗಳನ್ನೇ ನೋಡಿ. 2007ರಲ್ಲಿ ಆರಂಭವಾದಾಗ ಗಂಡ-ಹೆಂಡಿರ ಒಟ್ಟು ವಾರ್ಷಿಕ ಆದಾಯ 20,000 ರೂಪಾಯಿ ಮೀರಬಾರದು ಎಂದಿತ್ತು. ಬ್ಯಾಂಕಿನ ಠೇವಣಿ 10,000 ರೂಪಾಯಿ ಮೀರಬಾರದು ಎಂದೂ ಇತ್ತು. ಜೀವನವಿಡೀ ದುಡಿದು, ತನ್ನ ಅಂತ್ಯಸಂಸ್ಕಾರಕ್ಕೆ ಯಾರ ಮುಂದೆಯೂ ಕೈಚಾಚಬಾರದೆಂದು ಹನ್ನೆರಡು ಸಾವಿರ ಕೂಡಿಟ್ಟ ಮುದುಕ ನಿಯಮದ ಕಣ್ಣಿಗೆ ಸ್ಥಿತಿವಂತ! ಒಂದು ಕಡೆ ಉಳಿತಾಯ ಮಾಡಿ ಎಂದು ಜನಧನ ಖಾತೆ ತೆರೆಸುವುದು, ಇನ್ನೊಂದು ಕಡೆ ಉಳಿಸಿದವನನ್ನು ದಂಡಿಸುವುದು.

ಈ ಯೋಜನೆಯ ಮೊತ್ತ ಮೊದಲಿಗೆ 400 ರೂಪಾಯಿ ಇತ್ತು. ಹಲವು ಹಂತಗಳಲ್ಲಿ ಏರಿ 2021ರಲ್ಲಿ 1,200 ಆಯಿತು. ಆಗ ಅದನ್ನು ಪಡೆಯುತ್ತಿದ್ದವರು ಸುಮಾರು 36 ಲಕ್ಷ ಮಂದಿ. ಪ್ರತಿ ಏರಿಕೆಯೂ ಒಂದು ಘೋಷಣೆ, ಒಂದು ಜಾಹೀರಾತು. ಆದರೆ 2007ರ 400 ರೂಪಾಯಿಗೆ ಬೆಲೆಸೂಚ್ಯಂಕವನ್ನು ಅನ್ವಯಿಸಿ ನೋಡಿದರೆ ಇಂದಿನ ಲೆಕ್ಕದಲ್ಲಿ ಸಾವಿರದ ಇನ್ನೂರನ್ನು ತುಸು ಮೀರುತ್ತದೆ. ಅಂದರೆ ಇಷ್ಟೆಲ್ಲ ಔದಾರ್ಯದ ಬಳಿಕ ವೃದ್ಧರು ನಿಂತಿರುವುದು ಹೊರಟ ಜಾಗದಲ್ಲಿಯೇ. ಗಡಿ ದಾಟಿದರೆ ಚಿತ್ರ ಬೇರೆ. ಆಂಧ್ರಪ್ರದೇಶ 2024ರ ಜುಲೈಯಿಂದ ತಿಂಗಳಿಗೆ 4,000 ರೂಪಾಯಿಯನ್ನು ಮನೆಬಾಗಿಲಿಗೆ ತಲುಪಿಸತೊಡಗಿತು. ಕೇರಳ 2025ರ ನವೆಂಬರ್‌ನಿಂದ 2,000 ರೂಪಾಯಿಗೆ ಏರಿಸಿತು. ಮೂರು ಕಡೆ ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಿ ಒಂದೇ ಬರ, ಒಂದೇ ಬೆಳೆ, ಒಂದೇ ಸಂತೆ. ಗಡಿಯ ಈಚೆಯ ಮುದುಕನಿಗೆ ಒಂದು ಲೆಕ್ಕ, ಆಚೆಯ ಅವನ ಬೀಗನಿಗೆ ಮೂರು ಪಟ್ಟಿಗೂ ಹೆಚ್ಚು.

ನಮ್ಮಲ್ಲಿ ಹಣವಿಲ್ಲವೆಂದೇನೂ ಅಲ್ಲ. ಗೃಹಲಕ್ಷ್ಮಿ ಯೋಜನೆಗೆ ರಾಜ್ಯ ಸರ್ಕಾರ 2025-26ರ ಆಯವ್ಯಯದಲ್ಲಿ 28 ಸಾವಿರ ಕೋಟಿ ರೂಪಾಯಿಗೂ ಮಿಗಿಲಾಗಿ ತೆಗೆದಿರಿಸಿತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಆ ಯೋಜನೆಯನ್ನು ನಾನು ಟೀಕಿಸುವವನಲ್ಲ. ಮಹಿಳೆಯರ ಕೈಗೆ ನೇರವಾಗಿ ಹಣ ಹೋಗುವುದರ ಬೆಲೆ ನನಗೆ ಗೊತ್ತು. ಆದರೆ ಮನೆಯ ಯಜಮಾನಿ ಅತ್ತೆಯೋ ಸೊಸೆಯೋ ಎಂದು 2023ರಲ್ಲಿ ನಡೆದ ಚರ್ಚೆಯನ್ನು ನೆನೆದರೆ ನಗುವೂ ಬರುತ್ತದೆ, ಬೇಸರವೂ ಆಗುತ್ತದೆ. ಅತ್ತೆಗೆ ಮುಪ್ಪಿನ ಹಕ್ಕಿನಿಂದಲೇ ಒಂದು ಗೌರವಯುತ ಮೊತ್ತ ಬರುತ್ತಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ವಿಧವೆಗೆ ಒಂದು ದರ, ವೃದ್ಧೆಗೆ ಇನ್ನೊಂದು, ಮನೆಯೊಡತಿಗೆ ಮತ್ತೊಂದು. ಯಾವುದಕ್ಕೂ ತತ್ತ್ವವಿಲ್ಲ, ಚುನಾವಣೆಯ ಪಂಚಾಂಗ ಮಾತ್ರ ಇದೆ.

ವಯಸ್ಸೊಂದನ್ನೇ ಆಧಾರವಾಗಿಟ್ಟುಕೊಂಡು ಎಲ್ಲರಿಗೂ ಮಾಸಾಶನ ಕೊಡುವುದು ಶ್ರೀಮಂತ ದೇಶಗಳ ಚಪಲವೆಂದು ಭಾವಿಸಬೇಕಾಗಿಲ್ಲ. ನಮಗಿಂತ ಬಡದೇಶವಾದ ನೇಪಾಳ 1995ರಲ್ಲಿಯೇ ಅದನ್ನು ಆರಂಭಿಸಿತು. ಮನಮೋಹನ್ ಅಧಿಕಾರಿಯವರ ಅಲ್ಪಮತದ ಸರ್ಕಾರ ಅಧಿಕಾರದಲ್ಲಿದ್ದುದು ಒಂಬತ್ತು ತಿಂಗಳು. 75 ದಾಟಿದ ಎಲ್ಲರಿಗೂ ತಿಂಗಳಿಗೆ 100 ನೇಪಾಳಿ ರೂಪಾಯಿ ಎಂದು ಅದು ಸಣ್ಣದಾಗಿ ತೊಡಗಿತು. ನಂತರ ಅಲ್ಲಿ ಮಾವೋವಾದಿ ಯುದ್ಧ ನಡೆಯಿತು, ಅರಸೊತ್ತಿಗೆ ಹೋಯಿತು, ಸರ್ಕಾರಗಳು ವರ್ಷಕ್ಕೊಂದರಂತೆ ಬದಲಾದವು. ಮಾಸಾಶನವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ವಯಸ್ಸಿನ ಮಿತಿ ಇಳಿಯುತ್ತ, ಮೊತ್ತ ಏರುತ್ತ 2021ರಲ್ಲಿ 4,000 ನೇಪಾಳಿ ರೂಪಾಯಿ, ನಮ್ಮ 2,500 ರೂಪಾಯಿ, ಆಯಿತು. ಎಲ್ಲರಿಗೂ ಸಿಗುವ ಸವಲತ್ತನ್ನು ಕಾಯಲು ಎಲ್ಲರೂ ಇರುತ್ತಾರೆ. ಬಡವರಿಗೆ ಮಾತ್ರವಾದ ನಮ್ಮ ಇನ್ನೂರು ರೂಪಾಯಿಯನ್ನು ಕಾಯಲು ಯಾರಿದ್ದರು? ಬ್ರೆಜಿಲ್ 1988ರ ತನ್ನ ಸಂವಿಧಾನದಲ್ಲಿಯೇ ಹಳ್ಳಿಯ ದುಡಿಮೆಗಾರರಿಗೆ, ಪುರುಷರಿಗೆ 60 ಮತ್ತು ಮಹಿಳೆಯರಿಗೆ 55 ತುಂಬಿದಾಗ, ಕನಿಷ್ಠ ವೇತನಕ್ಕೆ ಸಮನಾದ ಪಿಂಚಣಿಯ ಹಕ್ಕು ಕೊಟ್ಟಿತು. ವಂತಿಗೆ ಕಟ್ಟಿದ ರಶೀದಿಯ ಬದಲು ಹೊಲದಲ್ಲಿ ದುಡಿದದ್ದಕ್ಕೆ ಸಾಕ್ಷಿ ಸಾಕು ಎಂದಿತು. ಕನಿಷ್ಠ ವೇತನ ಏರಿದಂತೆ ಪಿಂಚಣಿ ತಾನಾಗಿ ಏರುತ್ತದೆ. ಯಾವ ಮಂತ್ರಿಯ ಕೃಪೆಯೂ ಬೇಕಿಲ್ಲ.

ನಮ್ಮ ಕೇಂದ್ರ ಸರ್ಕಾರವೂ ಈ ತತ್ತ್ವವನ್ನು ಒಂದು ಕಡೆ ಒಪ್ಪಿಕೊಂಡಿದೆ. ಆಯುಷ್ಮಾನ್ ಭಾರತ್ ಯೋಜನೆಯಡಿ 70 ತುಂಬಿದ ಎಲ್ಲರಿಗೂ, ಆದಾಯವನ್ನು ಕೇಳದೆ, 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆಯನ್ನು ಅದು 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು. ಆಸ್ಪತ್ರೆಯ ಬಾಗಿಲಲ್ಲಿ ವಯಸ್ಸು ಸಾಕೆಂದಾದರೆ, ಬ್ಯಾಂಕಿನ ಬಾಗಿಲಲ್ಲಿ ಏಕೆ ಸಾಲದು?

ವೆಚ್ಚದ ಮಾತಿಗೆ ಬರೋಣ. ದೇಶದಲ್ಲಿ 60 ದಾಟಿದವರು ಸುಮಾರು 16 ಕೋಟಿ ಎಂದಿಟ್ಟುಕೊಳ್ಳೋಣ. ಆದಾಯ ತೆರಿಗೆ ಕಟ್ಟುವವರು, ನನ್ನಂತೆ ಸರ್ಕಾರಿ ನಿವೃತ್ತಿ ವೇತನ ಪಡೆಯುವವರು, ಹೀಗೆ ಐದರಲ್ಲೊಬ್ಬರನ್ನು ಬಿಡಬಹುದೆಂದು ಊಹಿಸೋಣ. ಇವರನ್ನು ಗುರುತಿಸಲು ಹಳ್ಳಿಗೆ ಹೋಗಿ ಪಂಚನಾಮೆ ಮಾಡಬೇಕಿಲ್ಲ, ಇವರ ಹೆಸರುಗಳು ಸರ್ಕಾರದ ಗಣಕದಲ್ಲಿ ಆಗಲೇ ಇವೆ. ಉಳಿದವರಿಗೆ ತಿಂಗಳಿಗೆ 2,000 ರೂಪಾಯಿ ಕೊಟ್ಟರೆ ವರ್ಷಕ್ಕೆ ತಗಲುವುದು 3 ಲಕ್ಷ ಕೋಟಿ ರೂಪಾಯಿಯನ್ನು ತುಸು ಮೀರಿದ ಮೊತ್ತ. 2024-25ರಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನ ಸುಮಾರು 330 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಇದು ಶೇ 1ಕ್ಕಿಂತ ಕಡಿಮೆ. ಕೇಂದ್ರ ಮತ್ತು ರಾಜ್ಯಗಳು ಈಗ ಕೊಡುತ್ತಿರುವುದನ್ನು ಕಳೆದರೆ ಹೆಚ್ಚುವರಿ ಹೊರೆ ಇನ್ನೂ ಕಡಿಮೆ. ಹೋಲಿಕೆಗೆ ಹೇಳುವುದಾದರೆ, ಕೇಂದ್ರ ಸರ್ಕಾರ ಸೈನಿಕರೂ ಸೇರಿದಂತೆ ತನ್ನ ನಿವೃತ್ತರಿಗೆ 2025-26ರ ಆಯವ್ಯಯದಲ್ಲಿ ಎತ್ತಿಟ್ಟದ್ದು ಎರಡೂ ಮುಕ್ಕಾಲು ಲಕ್ಷ ಕೋಟಿ ರೂಪಾಯಿ. ದೇಶದ ಬಡ ವೃದ್ಧರು, ವಿಧವೆಯರು, ಅಂಗವಿಕಲರೆಲ್ಲರಿಗೂ ಸೇರಿ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಎತ್ತಿಟ್ಟದ್ದು 9,652 ಕೋಟಿ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ನನ್ನಂಥವನಿಗೆ ಸಂಕೋಚವಾಗುತ್ತದೆ.

ಮಕ್ಕಳು ತಂದೆತಾಯಿಯರನ್ನು ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ, ಸರ್ಕಾರ ಅದರಲ್ಲಿ ಕೈಹಾಕಬಾರದು ಎಂಬ ವಾದವೊಂದಿದೆ. ಈ ಮಾತನ್ನು ಆಡುವವರಲ್ಲಿ ಹೆಚ್ಚಿನವರಿಗೆ ಸ್ವಂತ ಪಿಂಚಣಿ ಇರುವುದನ್ನು ಗಮನಿಸಿದ್ದೇನೆ. ಮಕ್ಕಳು ನೋಡಿಕೊಳ್ಳದಿದ್ದರೆ ದೂರು ಕೊಡಿ ಎಂದು 2007ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಉಪವಿಭಾಗಾಧಿಕಾರಿಯ ಎದುರು ಮಗನ ವಿರುದ್ಧ ನಿಲ್ಲುವ ತಾಯಂದಿರು ಎಷ್ಟು ಮಂದಿ? ತನ್ನದೇ ಆದ ಎರಡು ಸಾವಿರ ರೂಪಾಯಿ ಇರುವ ತಾಯಿಗೆ ಮಗನ ಮನೆಯಲ್ಲಿ ಸಿಗುವ ಮರ್ಯಾದೆ ನ್ಯಾಯಮಂಡಳಿಯ ಆದೇಶದಿಂದ ಸಿಗಲಾರದು. ಇನ್ನೊಂದು ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇಂದು ಹೊಲದಲ್ಲಿ, ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುತ್ತಿರುವ ಮೂವತ್ತರ ಹೆಣ್ಣುಮಕ್ಕಳು ಅರವತ್ತು ತಲುಪುವ ಹೊತ್ತಿಗೆ ನೋಡಿಕೊಳ್ಳುವ ಮಕ್ಕಳೇ ಕಡಿಮೆ; ಇರುವ ಒಬ್ಬನೂ ಬೇರೆ ಊರಿನಲ್ಲಿ.

ಸಂವಿಧಾನದ 41ನೇ ವಿಧಿ ಮುಪ್ಪು, ಕಾಯಿಲೆ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿನ ಬಗ್ಗೆ ಹೇಳುವಾಗ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತನ್ನು ಸೇರಿಸಿದೆ. 1950ರಲ್ಲಿ ಅದು ಪ್ರಾಮಾಣಿಕ ಮಾತು. ಜಗತ್ತಿನ ಮೊದಲ ಐದಾರು ಅರ್ಥವ್ಯವಸ್ಥೆಗಳಲ್ಲಿ ಒಂದೆಂದು ಬೀಗುವ ಕಾಲದಲ್ಲಿ ಅದು ನೆಪ. 2018ರ ಡಿಸೆಂಬರ್‌ನಲ್ಲಿ ಅಶ್ವನಿಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವೃದ್ಧರ ಮಾಸಾಶನವನ್ನು ವಾಸ್ತವಕ್ಕೆ ತಕ್ಕಂತೆ ಮರುಪರಿಶೀಲಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದಕ್ಕೂ ಒಂದು ವರ್ಷ ಮೊದಲು ಅರವತ್ತು ಮಂದಿ ಅರ್ಥಶಾಸ್ತ್ರಜ್ಞರು ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರಿಗೆ ಪತ್ರ ಬರೆದು, 200ನ್ನು ಕನಿಷ್ಠ 500 ಮಾಡಿ ಎಂದು ಕೇಳಿದ್ದರು. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸ್ಥಾಯಿ ಸಮಿತಿ ಪಕ್ಷಭೇದವಿಲ್ಲದೆ ಮತ್ತೆ ಮತ್ತೆ ಅದನ್ನೇ ಹೇಳಿದೆ.

ಬೇಕಾಗಿರುವುದು ಇನ್ನೊಂದು ಹೆಸರಿನ ಇನ್ನೊಂದು ಯೋಜನೆಯಲ್ಲ, ಮೂರು ಸಾಲಿನ ಕಾನೂನು: ವಯಸ್ಸೇ ಅರ್ಹತೆ, ಹೊರಗಿಡಬೇಕಾದವರ ಪಟ್ಟಿ ಮಾತ್ರ ಪ್ರತ್ಯೇಕ, ಕೇಂದ್ರ ಅರ್ಧ, ರಾಜ್ಯ ಅರ್ಧ, ಮೇಲೆ ಕೊಡುವ ರಾಜ್ಯ ಕೊಡಲಿ, ಪ್ರತಿ ಏಪ್ರಿಲ್‌ನಲ್ಲಿ ಬೆಲೆಸೂಚ್ಯಂಕದಷ್ಟು ಏರಿಕೆ. ಈ ಕೊನೆಯದಕ್ಕೆ ಒಂದು ಪೂರ್ವನಿದರ್ಶನವೂ ಇದೆ. ರಾಜಸ್ಥಾನ 2023ರಲ್ಲಿ ಮಾಡಿದ ಕನಿಷ್ಠ ಆದಾಯ ಖಾತರಿ ಕಾಯ್ದೆಯಲ್ಲಿ ಮಾಸಾಶನ 1,000 ರೂಪಾಯಿಗೆ ಕಡಿಮೆಯಿರಬಾರದು, ವರ್ಷಕ್ಕೆ ಶೇ 15ರಂತೆ ಏರಬೇಕು ಎಂದು ಬರೆಯಲಾಯಿತು. ಶೇ 15 ಹೆಚ್ಚಾಯಿತೆಂದು ನನಗೂ ಅನ್ನಿಸಿದೆ, ಸರ್ಕಾರ ಬದಲಾದರೆ ಅಂಥ ಕಾಯ್ದೆಗಳ ಗತಿಯೇನೆಂಬ ಚಿಂತೆಯೂ ಇದೆ. ಆದರೆ ಏರಿಕೆಯನ್ನು ಮಂತ್ರಿಯ ಭಾಷಣದಿಂದ ಕಾಯ್ದೆಯ ಪುಸ್ತಕಕ್ಕೆ ವರ್ಗಾಯಿಸಬಹುದೆಂದು ಒಂದು ರಾಜ್ಯವಾದರೂ ತೋರಿಸಿದೆ.

ಕೇಂದ್ರದ ಇನ್ನೂರು ರೂಪಾಯಿ ಕೂಡ ಎಲ್ಲ ಬಡ ವೃದ್ಧರಿಗೂ ಸಿಗುವುದಿಲ್ಲ. ಪ್ರತಿ ರಾಜ್ಯಕ್ಕೂ ಇಷ್ಟೇ ಮಂದಿ ಎಂಬ ಮಿತಿಯಿದ್ದು, ಒಟ್ಟಿನಲ್ಲಿ ಅದು 2.2 ಕೋಟಿಯ ಆಸುಪಾಸು. ಆ ಮಿತಿಯನ್ನು ಹಾಕಿರುವುದು 2001ರ ಜನಗಣತಿ ಮತ್ತು 2004-05ರ ಬಡತನದ ಅಂದಾಜಿನ ಮೇಲೆ. ಅಂದು ನಲವತ್ತರ ಗಡಿಯಲ್ಲಿದ್ದವರು ಇಂದು ಅರವತ್ತೈದರ ವೃದ್ಧರು. 2027ರ ಜನಗಣತಿ ಅವರನ್ನು ಎಣಿಸಲಿದೆ. ಆ ಎಣಿಕೆ ಮುಗಿದು, ಕೋಷ್ಟಕಗಳು ಪ್ರಕಟವಾಗಿ, ದೆಹಲಿಯ ಯಾವುದೋ ಕಚೇರಿಯಲ್ಲಿ ಹೊಸ ಮಿತಿಯ ಕಡತ ತೆರೆಯುವವರೆಗೆ ಅವರು ಕಾಯಬೇಕೆ ಎಂಬುದನ್ನು ಹಣಕಾಸು ಸಚಿವಾಲಯ ಮುಂದಿನ ಆಯವ್ಯಯಕ್ಕೆ ಮೊದಲೇ ತೀರ್ಮಾನಿಸಬಹುದು. ಅದಕ್ಕೆ ಹೊಸ ಆಯೋಗವೇನೂ ಬೇಕಿಲ್ಲ. ಒಂದು ಸಂಪುಟ ಟಿಪ್ಪಣಿ ಸಾಕು.